ಗಾಡಿಯೊಳಗಿನ ಕಕ್ಕಸು: ಶಿರಸಿಯಿಂದ ಕಾರವಾರದವರೆಗೆ ಐದು ದಿನ

ಈ ಪ್ರವಾಸ ಹುಟ್ಟಿದ್ದೇ ಅಮ್ಮನ ಮಂಡಿನೋವಿನಿಂದ. ಅಮ್ಮನಿಗೀಗ 72. ಕುಕ್ಕರುಗಾಲಲ್ಲಿ ಕೂತರೆ ಏಳಿಸಲು ಇಬ್ಬರು ಬೇಕು. ರಾತ್ರಿ ಮೂರು ಸಲವಾದರೂ ಎದ್ದು ಹೋಗಬೇಕು. ಹಾಗಾಗಿ ಎಲ್ಲಿಗೆ ಹೊರಡೋಣ ಎಂದರೂ ಅವಳದ್ದು ಎರಡೇ ಪ್ರಶ್ನೆ: ಕಮೋಡ್ ಇದೆಯಾ, ಹಾಸಿಗೆಯಿಂದ ಎಷ್ಟು ಹೆಜ್ಜೆ? ಶಿರಸಿ ಹತ್ತಿರವಿರುವ ನನ್ನ ಗೆಳತಿಯ ತವರಿಗೆ ಹೋಗಬೇಕೆಂಬ ಮಾತು ಈ ಎರಡು ಪ್ರಶ್ನೆಗಳ ಮುಂದೆ ನಾಲ್ಕು ವರ್ಷದಿಂದ ಬಿದ್ದುಕೊಂಡಿತ್ತು. ಜನವರಿಯಲ್ಲಿ ಕೆನಡಾದ ಕ್ಯಾಲ್ಗರಿಯಿಂದ ರಜೆಗೆ ಬಂದ ಅಣ್ಣ, "ಕಕ್ಕಸು ಇರೋ ಕಡೆ ನಾವು ಯಾಕೆ ಹುಡುಕ್ಕೊಂಡು ಹೋಗ್ಬೇಕು, ಅದನ್ನೇ ಜೊತೆಗೆ ಕರ್ಕೊಂಡು ಹೋಗೋಣ" ಅಂದ. ಅವನು ಅಲ್ಲಿ ಕ್ಯಾಂಪರ್, ಅಂದರೆ ಒಳಗೇ ಮಲಗಿ ಉಣ್ಣುವ ಗಾಡಿಮನೆ, ಇಟ್ಟುಕೊಂಡವನು, ಹಿಮ ಬೀಳುವ ತಿಂಗಳಲ್ಲೂ ಅದನ್ನೆಳೆದುಕೊಂಡು ಬೆಟ್ಟಕ್ಕೆ ಹೋಗುವ ಪೈಕಿ. ಬೆಂಗಳೂರಿನಲ್ಲೇ ಒಂದು ಕ್ಯಾಂಪರ್ ವ್ಯಾನನ್ನು ಡ್ರೈವರ್ ಸಮೇತ ಬಾಡಿಗೆಗೆ ಗೊತ್ತುಮಾಡಿದೆವು. ಎರಡು ಮಂಚ, ಒಂದು ಒಲೆ, ಹಿಂದಿನ ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಬಾಗಿಲು. ಅಮ್ಮನ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಬಾಗಿಲ ಹಿಂದಿತ್ತು.

ಮೊದಲ ದಿನ: ಹಾವೇರಿಯಿಂದಾಚೆ

ಬೆಳಗ್ಗೆ ಐದಕ್ಕೆ ಹೊರಟು ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದದ್ದು ಬಿಟ್ಟರೆ ಹಾವೇರಿವರೆಗೆ ಹೇಳುವಂಥದ್ದೇನಿಲ್ಲ. ಹೆದ್ದಾರಿ ಬಿಟ್ಟು ಹಾನಗಲ್ ದಾರಿ ಹಿಡಿದ ಮೇಲೆ ಕಣ್ಣಿಗೆ ಕೆಲಸ. ಬಯಲು ಹಿಂದೆ ಬಿತ್ತು, ಕೆರೆಗಳು ಬಂದವು, ಕೊಯ್ದ ಗದ್ದೆಯ ಕೂಳೆ ಬಂತು, ಆಮೇಲೆ ಯಾರೋ ಪರದೆ ಎಳೆದ ಹಾಗೆ ಎರಡೂ ಕಡೆ ಕಾಡು. ಕಿಟಕಿಯಿಂದ ಬರುವ ಗಾಳಿಗೆ ಬೇರೆಯೇ ವಾಸನೆ. ದಾರಿಯಲ್ಲೇ ಟೀ ಮಾಡೋಣ ಎಂದು ನಾನು ಒಲೆ ಹತ್ತಿಸಲು ಹೋದರೆ ಅಮ್ಮ ತಡೆದಳು. "ಅಡುಗೆಮನೆಗೂ ಪಾಯಿಖಾನೆಗೂ ಮಧ್ಯೆ ಎರಡು ಗೇಣಿಲ್ಲ. ಇಲ್ಲಿ ನಾನು ಹಾಲೂ ಕಾಯಿಸಲ್ಲ, ನೀನು ಕಾಯಿಸಿದ್ದನ್ನ ಕುಡಿಯೋದೂ ಇಲ್ಲ." ಐದು ದಿನವೂ ಆ ಒಲೆ ಹತ್ತಲಿಲ್ಲ. ಬಾಡಿಗೆಯಲ್ಲಿ ಅದರ ಪಾಲೆಷ್ಟೋ.

ಗೆಳತಿಯ ಮನೆ ಮುಟ್ಟುವಾಗ ಕತ್ತಲು. ಅಡಿಕೆ ಕೊಯ್ಲಿನ ಕಾಲ, ಅಂಗಳದಲ್ಲಿ ಒಲೆ ಉರಿಯುತ್ತಿತ್ತು, ಚಪ್ಪರದ ಕೆಳಗೆ ಏಳೆಂಟು ಜನ ಅಡಿಕೆ ಸುಲಿಯುತ್ತ ಕೂತಿದ್ದರು. ಗೆಳತಿ ಬೆಂಗಳೂರಿನಲ್ಲೇ ಉಳಿದಿದ್ದಳು, ಅವಳ ಅಪ್ಪಯ್ಯ, ಆಯಿ ನಮ್ಮನ್ನು ಕರೆದುಕೊಂಡರು. ಒಳಗೆ ಕೋಣೆ ಸಿದ್ಧವಾಗಿತ್ತು. ಆದರೆ ಅವರ ಕಕ್ಕಸು ಕೊಟ್ಟಿಗೆಯ ಆಚೆ, ನಾಲ್ಕು ಮೆಟ್ಟಿಲಿಳಿದು. ಅಮ್ಮ ಗಾಡಿಯಲ್ಲೇ ಮಲಗುವುದಾಗಿ ಹೇಳಿದಳು. ಆಯಿಗೆ ಸ್ವಲ್ಪ ಬೇಸರವಾಗಿದ್ದು ಮುಖದಲ್ಲಿ ಕಂಡಿತು.

ಹಲಸಿನ ಮರದಡಿ ನಿಲ್ಲಿಸಿದ ವ್ಯಾನ್ ಒಂದು ಕಡೆ ವಾಲಿತ್ತು. ಗಾಡಿ ಮಟ್ಟಸವಾಗಿ ನಿಲ್ಲದಿದ್ದರೆ ಬಟ್ಟಲಿನ ನೀರು ಒಂದೇ ಮಗ್ಗುಲಿಗೆ ನಿಂತುಬಿಡುತ್ತದೆ ಎಂದು ಅಣ್ಣ ಹಲಗೆ ಕೇಳಿ, ಎರಡು ಗಾಲಿಯ ಕೆಳಗೆ ಕೊಟ್ಟು, ಲೋಟದಲ್ಲಿ ನೀರಿಟ್ಟು ನೋಡಿ ತೃಪ್ತನಾದ. ಡ್ರೈವರ್ ಹುಡುಗ ಅಮ್ಮನಿಗೆ ಪಾಠ ಹೇಳಿದ: ಮುಚ್ಚಳ ಎತ್ತಿ, ಈ ಹಿಡಿ ತಿರುಗಿಸಿದರೆ ಕೆಳಗಿನ ತಟ್ಟೆ ಸರಿದು ದಾರಿ ಬಿಡುತ್ತೆ, ಆಮೇಲೆ ಗುಂಡಿ ಒತ್ತಿ ನೀರು, ಆಮೇಲೆ ಹಿಡಿ ವಾಪಸ್. ಎಲ್ಲವೂ ಹೋಗಿ ಸೇರುವುದು ಅಡಿಯಲ್ಲಿರುವ 20 ಲೀಟರಿನ ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೆ. ಅದನ್ನು ಹೊರಗಿನ ಬಾಗಿಲಿಂದ ಎಳೆದುಕೊಳ್ಳಬಹುದು. ಚಕ್ರವಿದೆ, ಉದ್ದ ಹಿಡಿಯಿದೆ, ಥೇಟ್ ವಿಮಾನಕ್ಕೆ ಒಯ್ಯುವ ಸೂಟ್‌ಕೇಸು. ವಾಸನೆ ಬರಬಾರದೆಂದು ಹುಡುಗ ಅದಕ್ಕೊಂದಿಷ್ಟು ನೀಲಿ ದ್ರಾವಣ ಸುರಿದಿದ್ದ. ಈ ನೀಲಿಯೇ ಮುಂದೆ ನಮ್ಮ ಮಾನ ಕಳೆದದ್ದು.

ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ ಎದ್ದಳು, ಜೊತೆಗೆ ನಾನೂ. ಗಾಡಿಯ ಮಾಪಕ 13 ಡಿಗ್ರಿ ತೋರಿಸುತ್ತಿತ್ತು. ಕಿಟಕಿಗೆ ಮಂಜು ಅಂಟಿ ಹೊರಗಿನ ಹಲಸಿನ ಮರವೂ ಕಾಣದು. ಸೀಟು ಮುಟ್ಟಿದ ಅಮ್ಮ "ಅಯ್ಯಪ್ಪಾ" ಎಂದ ದನಿಗೆ ಅಣ್ಣನಿಗೂ ಎಚ್ಚರವಾಗಿ ಕಂಬಳಿಯೊಳಗಿಂದಲೇ ನಕ್ಕ. "ಇದು ಚಳೀನಾ? ಅಲ್ಲಿ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತರೆ ಚರ್ಮಕ್ಕೆ ಬರೆ. ನಾನು ಥರ್ಮಾಕೋಲಿನಂಥ ದಪ್ಪ ಹಲಗೇಲಿ ಸೀಟು ಕತ್ತರಿಸಿ ಇಟ್ಕೊಂಡಿದೀನಿ. ಕೂತ ತಕ್ಷಣ ಬೆಚ್ಚಗಾಗುತ್ತೆ."

ಆಮೇಲೆ ಯಾರಿಗೂ ನಿದ್ದೆ ಬರಲಿಲ್ಲ. ಅವನ ಮೊದಲ ಚಳಿಗಾಲದ ಕಥೆ ಹೊರಬಂದದ್ದು ಆಗ. ಅಲ್ಲಿನ ಬೆಟ್ಟದೂರು ಬ್ಯಾನ್ಫ್ ಹತ್ತಿರ ಚಳಿಗಾಲದಲ್ಲೂ ತೆರೆದಿರುವ ತಂಗುದಾಣಕ್ಕೆ ಹೋಗಿದ್ದಾನೆ. ಮೈನಸ್ 26. ಬೇಸಿಗೆಯ ಅಭ್ಯಾಸದಂತೆ ತೊಟ್ಟಿ ತುಂಬ ನೀರು ತುಂಬಿಸಿಕೊಂಡಿದ್ದಾನೆ. ಒಳಗೆ ಹೀಟರಿದೆ, ತಾನು ಬೆಚ್ಚಗಿದ್ದೇನೆ, ಪೈಪುಗಳೂ ಬೆಚ್ಚಗಿರುತ್ತವೆ ಎಂಬ ಲೆಕ್ಕ. ಪೈಪುಗಳು ಇರುವುದು ನೆಲದ ಕೆಳಗೆ, ಮಲದ ತೊಟ್ಟಿಯೂ ಅಲ್ಲೇ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದಲ್ಲ, ಬೆಳಗ್ಗೆ ಏಳುವಷ್ಟರಲ್ಲಿ ಪಂಪು ಸೀಳಿತ್ತು, ಕಮೋಡಿನ ಕಾಲುಗುಂಡಿ ಒತ್ತಿದರೆ ಅಲುಗದು, ತೊಟ್ಟಿ ಖಾಲಿ ಮಾಡುವ ಕವಾಟ ಕಲ್ಲು. ಬಲವಂತ ಮಾಡಿದ್ದರೆ ತಟ್ಟೆ ಮುರಿಯುತ್ತಿತ್ತು. ಕುದಿಯುವ ನೀರು ಹೊಯ್ದರೆ ಪ್ಲಾಸ್ಟಿಕ್ ಬಿರಿಯುತ್ತಿತ್ತು. ಕೂದಲೊಣಗಿಸುವ ಡ್ರೈಯರ್ ಹಿಡಿದು ಹಿಮದ ಮೇಲೆ ಅಂಗಾತ ಮಲಗಿ ಒಂದೂವರೆ ಗಂಟೆ ಕಳೆದನಂತೆ. ಆಗಲಿಲ್ಲ.

"ಆಮೇಲೆ?" ಅಂದಳು ಅಮ್ಮ.

"ಆಮೇಲೇನು, ಹಾಗೇ ಮನೆಗೆ ಎಳ್ಕೊಂಡು ಬಂದೆ. ಚಿನೂಕ್ ಅಂತ ಒಂದು ಬಿಸಿಗಾಳಿ ಬೆಟ್ಟದಿಂದ ಇಳಿಯುತ್ತೆ ನಮ್ಮೂರಿಗೆ. ಕೆಲವೇ ಗಂಟೇಲಿ ಹಿಮ ಕರಗಿಸಿಬಿಡುತ್ತೆ. ಅದು ಬರೋವರೆಗೆ ಹನ್ನೊಂದು ದಿನ ಗಾಡಿ ಮನೆ ಮುಂದೆ ಹಾಗೇ ನಿಂತಿತ್ತು."

"ತುಂಬಿಕೊಂಡು?"

"ತುಂಬಿಕೊಂಡು."

ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಅಕ್ಕಪಕ್ಕದೋರು ಏನಂದ್ಕೊಂಡ್ರೋ" ಅಂದಳು.

ಎರಡನೆಯ ದಿನ: ನೀಲಿ ಬೇಡ

ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಲು ಹೋದರೆ ಕೊಬ್ಬರಿ ಎಣ್ಣೆಯ ಬಾಟಲಿ ಬೋರಲು ಮಾಡಿದರೂ ಬೀಳುತ್ತಿಲ್ಲ. "ತಗೋ, ನಮ್ಮಲ್ಲಿ ಹೆಪ್ಪುಗಟ್ಟೋದು ಇದೊಂದೇ" ಎಂದು ಅಮ್ಮ ಅಣ್ಣನ ಮುಂದೆ ಹಿಡಿದಳು. 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಹಣೆಬರಹವೇ ಅಷ್ಟು. ಆಯಿ ನೋಡಿ, ತಮ್ಮ ಮನೆಯ ಬಾಟಲಿಯನ್ನು ತಂದುಕೊಟ್ಟರು, ಅದು ನೀರಿನ ಹಾಗಿತ್ತು. "ನಾಕು ಚಮಚ ಹರಳೆಣ್ಣೆ ಹಾಕಿಟ್ಟಿದ್ದು, ಗಟ್ಟಿ ಆಗ್ತಿಲ್ಲೆ."

ಅಣ್ಣ ಕುಣಿದಾಡಿಬಿಟ್ಟ. ಅವನ ಎರಡನೆಯ ಚಳಿಗಾಲದ ಪಾಠ ಇದೇ ಅಂತೆ. ಚಳಿ ಬರುವ ಮುಂಚೆ ಗಾಡಿಯ ಪೈಪಿನಲ್ಲಿರುವ ಒಂದೊಂದು ಹನಿ ನೀರನ್ನೂ ಇಳಿಸಿ, ಜಾಗದಲ್ಲಿ ಗುಲಾಬಿ ಬಣ್ಣದ ದ್ರವ ತುಂಬಬೇಕು. ಪ್ರೊಪಿಲೀನ್ ಗ್ಲೈಕಾಲ್ ಅದರ ಹೆಸರು. ಕಕ್ಕಸಿಗೆ ಹೋದಾಗಲೂ ನೀರಿನ ಬದಲು ಒಂದು ಲೋಟ ಅದನ್ನೇ ಸುರಿಯಬೇಕು, ಕೆಳಗಿನ ತೊಟ್ಟಿಯದ್ದೂ ಕಲ್ಲಾಗುವುದಿಲ್ಲ. ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ಬಣ್ಣದ್ದು ಬೇರೆ, ಅದು ಎಥಿಲೀನ್ ಗ್ಲೈಕಾಲ್, ವಿಷ. ಸಿಹಿ ಇರುವುದರಿಂದ ನಾಯಿಗಳು ನೆಕ್ಕಿ ಸಾಯುತ್ತವೆ. ಇದರ ಜೊತೆಗೆ ತೊಟ್ಟಿಯ ಕೆಳಗೆ ಬ್ಯಾಟರಿಯಿಂದ ಬಿಸಿಯಾಗುವ ಚಾಪೆ, ಕಕ್ಕಸಿನ ಬಾಗಿಲು ರಾತ್ರಿಯಿಡೀ ತೆರೆದಿಟ್ಟು ಒಳಗಿನ ಬಿಸಿ ಅಲ್ಲಿಗೂ ಹೋಗುವಂತೆ ಮಾಡುವುದು, ಗಾಡಿಯ ಸುತ್ತ ಹಿಮವನ್ನೇ ಒಟ್ಟಿ ಅಡಿಯಲ್ಲಿ ಗಾಳಿ ನುಗ್ಗದಂತೆ ತಡೆಯುವುದು. ಹಿಮದಿಂದಲೇ ಚಳಿ ತಡೆಯುವುದು ಹೇಗೆಂದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಮ್ಮನಿಗೆ ಮಾತ್ರ ಎಲ್ಲ ಒಂದೇ ಸಲಕ್ಕೆ ತಿಳಿಯಿತು. "ಅಂದ್ರೆ ಹರಳೆಣ್ಣೆ ಬೆರೆಸೋದು" ಅಂದಳು.

ಬಚ್ಚಲಿನಲ್ಲಿ ಹಂಡೆ ತುಂಬ ಬಿಸಿನೀರು. ಅಡಿಕೆ ಸಿಪ್ಪೆಯ ಹೊಗೆಯ ವಾಸನೆ ಹತ್ತಿದ ಆ ನೀರನ್ನು ಮೈಮೇಲೆ ಹೊಯ್ದುಕೊಂಡ ಮೇಲೆ ಅಮ್ಮ ನಿನ್ನೆಯ ಹಟಕ್ಕೆ ತಾನೇ ನಾಚಿದಳು. ತಿಂಡಿಗೆ ತೆಳ್ಳೇವು, ಮೇಲೆ ಜೋನಿಬೆಲ್ಲ, ತುಪ್ಪ. ನಾನೆಷ್ಟು ತಿಂದೆನೆಂದು ಹೇಳುವುದಿಲ್ಲ.

ಅಷ್ಟರಲ್ಲಿ ಊರ ಮಕ್ಕಳಿಗೆ ಸುದ್ದಿ ಹೋಗಿತ್ತು. ಬಸ್ಸಿನೊಳಗೆ ಕಕ್ಕಸು! ಭಾನುವಾರ ಬೇರೆ. ಆಚೆಮನೆ, ಕೆಳಗಿನ ಮನೆ, ಕೇರಿಯ ಹುಡುಗರೆಲ್ಲ ಬಂದು ಸಾಲುಗಟ್ಟಿದರು. ನೋಡಿ ಹೋಗಲು ಬಂದವರಲ್ಲ, ಒಂದಕ್ಕೆ ಮಾಡಿ ಹೋಗಲು ಬಂದವರು. ಗುಂಡಿ ಒತ್ತಿದರೆ ನೀರು ಸುತ್ತಿ ಬರುವುದನ್ನು ನೋಡಲು ಒಬ್ಬೊಬ್ಬನೂ ನಾಲ್ಕು ಸಲ ಒತ್ತಿದ. ಅಣ್ಣ ಬಾಗಿಲಲ್ಲಿ ನಿಂತು ಕಂಡಕ್ಟರನಂತೆ ಒಳಗೆ ಬಿಡುತ್ತಿದ್ದ. ಮಧ್ಯಾಹ್ನಕ್ಕೆ ಕೆಂಪು ದೀಪ ಹತ್ತಿತು. ಪೆಟ್ಟಿಗೆ ತುಂಬಿತ್ತು. ಬಾಡಿಗೆ ಕೊಟ್ಟವರು ಮೂರು ದಿನಕ್ಕೆ ಸಾಕಾಗುತ್ತೆ ಅಂದಿದ್ದರು.

ಈಗ ಎಲ್ಲಿ ಖಾಲಿ ಮಾಡುವುದು? ಅಣ್ಣನ ಊರಲ್ಲಿ ಅದಕ್ಕೆಂದೇ ಜಾಗಗಳಿರುತ್ತವೆ, ಚಳಿಗಾಲದಲ್ಲಿ ನೀರು ಕಟ್ಟುತ್ತದೆಂದು ಹೆಚ್ಚಿನವು ಮುಚ್ಚಿರುತ್ತವೆ ಅಷ್ಟೆ. ಇಲ್ಲಿ? ವ್ಯಾನಿನ ಮಾಲೀಕರಿಗೆ ಫೋನ್ ಮಾಡಿದರೆ "ಎಲ್ಲಾದ್ರೂ ಕಾಡಲ್ಲಿ ನೋಡ್ಕೊಳ್ಳಿ ಮೇಡಂ" ಎಂದರು. ಡ್ರೈವರ್ ಹುಡುಗ ಇನ್ನೂ ಸರಳ. "ಎಲ್ಲರೂ ಹೊಳೆಗೇ ಬಿಡೋದು, ರಾತ್ರಿ ಬಿಟ್ಬಿಡೋಣ."

ಅಪ್ಪಯ್ಯ ಅಡಿಕೆ ರಾಶಿಯ ಹಿಂದಿನಿಂದ ಇದನ್ನು ಕೇಳಿಸಿಕೊಂಡರು. ಸಿಟ್ಟೇನೂ ಮಾಡಲಿಲ್ಲ. "ಇಲ್ಲಿ ಬಿಟ್ಟರೆ ಶಾಲ್ಮಲೆ. ಶಾಲ್ಮಲೆ ಹೋಗಿ ಸೇರೋದು ಬೇಡ್ತಿಗೆ. ಬೇಡ್ತಿಗೇ ಘಟ್ಟದ ಕೆಳಗೆ ಗಂಗಾವಳಿ ಅಂತ ಹೆಸರು. ನೀವು ನಾಳೆ ಅಂಕೋಲೆಗೆ ಹೋಗಿ ಮೀಯೋದು ಅದರಲ್ಲೇ ಅಲ್ಲವೋ ತಮಾ?" ಹುಡುಗ ತಲೆ ತಗ್ಗಿಸಿದ.

ಅವರದೇ ಕೊಟ್ಟಿಗೆಯ ಪಕ್ಕ ಗೋಬರ್ ಗ್ಯಾಸ್ ಗುಂಡಿಯಿತ್ತು, ಮನೆಯ ಕಕ್ಕಸಿನ ಪೈಪೂ ಅದಕ್ಕೇ. ನಮ್ಮದನ್ನೂ ಅದಕ್ಕೆ ಬಿಡಬಹುದೆಂದು ಅವರೇ ಹೇಳಿದರು. ಅಣ್ಣ ಪೆಟ್ಟಿಗೆ ಉರುಳಿಸಿಕೊಂಡು ಹೊರಟ. ಮುಚ್ಚಳ ತಿರುಗಿಸಿ ಬಗ್ಗಿಸಬೇಕು, ಅಷ್ಟರಲ್ಲಿ ಅಪ್ಪಯ್ಯ ಕೈ ಹಿಡಿದರು.

"ಅದೆಂತದು ನೀಲಿ?"

ವಾಸನೆ ಬರದಿರಲು ಹಾಕುವ ಔಷಧ ಎಂದೆವು.

"ವಾಸನೆ ಎಂತಕ್ಕೆ ಬತ್ತಿಲ್ಲೆ?"

ಅಣ್ಣ ಪ್ರಾಮಾಣಿಕ. ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ ಎಂದುಬಿಟ್ಟ. ಗೋಬರ್ ಗ್ಯಾಸಿನಲ್ಲಿ ಗ್ಯಾಸ್ ಮಾಡುವುದೂ ಬ್ಯಾಕ್ಟೀರಿಯಾಗಳೇ. ಅಪ್ಪಯ್ಯ ಪೆಟ್ಟಿಗೆಯ ಮುಚ್ಚಳವನ್ನು ತಾವೇ ಹಾಕಿ ಬಿಗಿದರು. "ನಾಳೆ ಬೆಳಗ್ಗೆ ಚಾ ಕಾಯಿಸಲೆ ಗ್ಯಾಸ್ ಬೇಡ್ದಾ? ಇದು ಬೇಡ. ಪೇಟೆಗೆ ತಗೊಂಡೋಗಿ."

ಇದನ್ನು ಬರೆದಿಡುತ್ತಿರುವುದು ಕ್ಯಾಂಪರ್ ಬಾಡಿಗೆಗೆ ಹಿಡಿಯುವವರಿಗಾಗಿ. ನಮ್ಮ ಹಳ್ಳಿಗಳ ಸಣ್ಣ ಗುಂಡಿಗೆ, ಗೋಬರ್ ಗ್ಯಾಸಿಗೆ ಈ ಔಷಧ ಬೆರೆತದ್ದನ್ನು ಸುರಿಯಬೇಡಿ. ಔಷಧವೇ ಹಾಕದೆ ಬರೀ ನೀರಿನಲ್ಲಿ ಬಳಸಿ ದಿನಾ ಖಾಲಿ ಮಾಡಿದರೆ ಯಾರ ಮನೆಯಲ್ಲೂ ಬೇಡ ಅನ್ನುವುದಿಲ್ಲ. ನಾವು ಆಮೇಲೆ ಮಾಡಿದ್ದು ಹಾಗೆಯೇ.

ಸಂಜೆ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಸುತ್ತ ಊರೇ ನೆರೆದಿತ್ತು. ಬೋರಲು ಹಾಕಿದ ಗಡಿಗೆಯ ಮೇಲೆ ಅಕ್ಕಿಹಿಟ್ಟನ್ನು ಕಬ್ಬಿನ ಹಾಲಲ್ಲಿ ಕಲಸಿ ಬಟ್ಟೆಯಲ್ಲಿ ಬಳಿದು, ಕಾಗದದಷ್ಟು ತೆಳ್ಳಗೆ ತೊಡೆದೇವು ಎಬ್ಬಿಸುತ್ತಿದ್ದರು ಒಬ್ಬ ಅಜ್ಜಿ. ನಾನು ಪ್ರಯತ್ನಿಸಿದ್ದು ಗಡಿಗೆಗೇ ಅಂಟಿಕೊಂಡಿತು. ಮಂಜು ಇಳಿಯಲು ಶುರುವಾಗಿತ್ತು, ಒಲೆಯ ಕಡೆಗಿದ್ದ ಮುಖ ಸುಡುತ್ತಿತ್ತು, ಬೆನ್ನು ತಣ್ಣಗೆ. ಅಲ್ಲಿ ಕೂತು ಅಣ್ಣ ಅಪ್ಪಯ್ಯನಿಗೆ ತನ್ನ ಮೂರನೆಯ ಚಳಿಗಾಲ ವಿವರಿಸಿದ. ಗುಲಾಬಿ ಬಣ್ಣದ ಆ ದ್ರವದ ಖರ್ಚೂ ಬೇಡ ಎಂದು ಅವನೀಗ ನೀರನ್ನೇ ಬಿಟ್ಟಿದ್ದಾನೆ. ಕಮೋಡಿನ ಬಟ್ಟಲಿಗೆ ಎರಡು ಪದರ ಚೀಲ, ಚೀಲದಲ್ಲಿ ಮರದ ಪುಡಿ, ಮುಗಿದ ಮೇಲೆ ಮತ್ತೊಂದು ಹಿಡಿ ಪುಡಿ, ಗಂಟು ಕಟ್ಟಿ ಹೊರಗೆ ಡಬ್ಬದಲ್ಲಿಟ್ಟರೆ ಕೆಲವು ಗಂಟೆಯಲ್ಲಿ ಕಲ್ಲು. ಕಲ್ಲಿಗೆ ವಾಸನೆಯಿಲ್ಲ.

"ನಮ್ಮಲ್ಲಿ ಕಲ್ಲಾಗ್ತಿಲ್ಲೆ, ಗೊಬ್ಬರ ಆಗ್ತು" ಅಂದರು ಅಪ್ಪಯ್ಯ. ರಾತ್ರಿ ಗಾಡಿಯ ಬಾಗಿಲಿಗೆ ಒಂದು ಗೋಣಿ ತುಂಬ ಪುಡಿಮಾಡಿದ ದರಕು, ಒಂದು ಡಬ್ಬ ಒಲೆಬೂದಿ ಬಂದವು. ಬೆಟ್ಟದಿಂದ ಗುಡಿಸಿ ತಂದು ದನದ ಕಾಲಡಿ ಹಾಸುವ ಅದೇ ಒಣ ಎಲೆ.

ಮೂರನೆಯ ದಿನ: ಸೂಟ್‌ಕೇಸಿಗೆಷ್ಟು ಚಾರ್ಜು

ಬೆಳಗ್ಗೆ ಆರೂವರೆಗೆ, ಮಂಜಿನಲ್ಲಿ ಎದುರಿನವರ ಮುಖ ಕಾಣದಿದ್ದಾಗ, ನಾನೂ ಅಣ್ಣನೂ ಶಿರಸಿ ಪೇಟೆಯ ಒಂದು ಸಾರ್ವಜನಿಕ ಶೌಚಾಲಯದ ಮುಂದೆ ಪೆಟ್ಟಿಗೆ ಉರುಳಿಸಿಕೊಂಡು ನಿಂತಿದ್ದೆವು. ಮೇಜಿನ ಹಿಂದೆ ಮಫ್ಲರ್ ಸುತ್ತಿಕೊಂಡು ಕೂತವರು ಬಯಲುಸೀಮೆಯ ಕಡೆಯವರು.

"ಲಗೇಜ್ ಒಳಗ ಬಿಡಂಗಿಲ್ರಿ. ಇಲ್ಲೇ ಇಟ್ಟ್ ಹೋಗ್ರಿ."

"ಲಗೇಜೇ ಒಳಗೆ ಹೋಗ್ಬೇಕಿರೋದು" ಅಂದ ಅಣ್ಣ.

ವಿಷಯ ಬಿಡಿಸಿ ಹೇಳಿದೆ. ಅವರು ಎದ್ದು ಬಂದು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಹಿಡಿ ಎಳೆದು ನೋಡಿದರು, ಚಕ್ರ ಉರುಳಿಸಿದರು. ಆಮೇಲೆ ದರಪಟ್ಟಿಯ ಕಡೆ ತಿರುಗಿ ಯೋಚಿಸಿದರು. ಒಂದಕ್ಕೆ 5, ಎರಡಕ್ಕೆ 10. "ಇದಕ್ಕ ಎಷ್ಟ್ ಮಂದಿ ಲೆಕ್ಕ ಹಿಡೀಲ್ರಿ?"

ನಾವು ಮೂವರು, ಒಂದೂವರೆ ದಿನ, ಜೊತೆಗೆ ಊರ ಮಕ್ಕಳು. ಮಕ್ಕಳಿಗೆ ಫ್ರೀ ಅಂದರು ಅವರು. 100 ರೂಪಾಯಿಗೆ ಮಾತಾಯಿತು. ಬಗ್ಗಿಸುವಾಗ ಪೆಟ್ಟಿಗೆಯ ಬೆನ್ನಿನ ಗಾಳಿಗುಂಡಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗುಳುಗುಳು ಎಂದು ಕಾಲಿಗೆ ಸಿಡಿಯುತ್ತದೆ. ಅದು ನಮಗೆ ನೆನಪಾದದ್ದು ಸಿಡಿದ ಮೇಲೆ. ನಾಲ್ಕು ಬಕೆಟ್ ನೀರು ಹೊಯ್ದು ಎಲ್ಲ ತೊಳೆದು ಬಂದಾಗ ಅವರು ಇಪ್ಪತ್ತು ರೂಪಾಯಿ ವಾಪಸ್ ಕೊಟ್ಟರು. "ಇಷ್ಟ್ ಸ್ವಚ್ಛ ಮಾಡಿ ಯಾರೂ ಹೋಗಂಗಿಲ್ಲ."

ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಉದ್ದ ಗಾಡಿ ಬೇಡ ಎಂದು ಅಪ್ಪಯ್ಯ ಹೇಳಿದ್ದರಿಂದ ಕುಮಟೆಯ ದಾರಿ ಬಿಟ್ಟು ಯಲ್ಲಾಪುರದ ಕಡೆ ತಿರುಗಿದೆವು. ದಾರಿಯಲ್ಲಿ ಸಹಸ್ರಲಿಂಗ. ಜನವರಿಗೆ ಶಾಲ್ಮಲೆ ಇಳಿದಿರುತ್ತದೆ, ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ಪುಟ್ಟ ನಂದಿಗಳು ನೀರಿನಿಂದ ತಲೆಯೆತ್ತಿ ಬಿಸಿಲು ಕಾಯಿಸುತ್ತವೆ. ಸೋದೆ ಅರಸರ ಕಾಲದ್ದೆನ್ನುತ್ತಾರೆ. ಡ್ರೈವರ್ ಹುಡುಗ ನೀರಿಗಿಳಿದು ಕಣ್ಣಿಗೊತ್ತಿಕೊಂಡು, ನನ್ನತ್ತ ನೋಡಿ, "ಇಲ್ಲಿಗಾ ಮೇಡಂ ನಾನು ಬಿಡೋಣ ಅಂದಿದ್ದು?" ಎಂದ. ಹೌದು, ಇದೇ ಹೊಳೆ.

ಯಲ್ಲಾಪುರದಲ್ಲಿ ಊಟ ಮಾಡಿ ಅರಬೈಲ್ ಘಟ್ಟ ಇಳಿದೆವು. ಮುಂದೆ ಹತ್ತು ಲಾರಿ, ಹಿಂದೆ ಹತ್ತು ಲಾರಿ. ತಿರುವಿನಿಂದ ತಿರುವಿಗೆ ಸ್ವೆಟರು, ಸಾಕ್ಸು, ಮಫ್ಲರ್ ಒಂದೊಂದೇ ಕಳಚಿಕೊಂಡವು. ಅಂಕೋಲೆ ದಾಟಿ ಮಂಜಗುಣಿಯಲ್ಲಿ ಗಂಗಾವಳಿ ಸಮುದ್ರ ಸೇರುವಲ್ಲಿಗೆ ಬರುವಾಗ ಮೂರೂವರೆ, ಮಾಪಕ 33. ಒಂದೇ ದಿನದಲ್ಲಿ 20 ಡಿಗ್ರಿ. ನೆರಳು ನೋಡದೆ ಗಾಡಿ ನಿಲ್ಲಿಸಿ ನಾವೆಲ್ಲ ನೀರಿನ ಬಳಿ ಹೋದೆವು. ಅಮ್ಮ ಹಿಂದಿರುಗಿದವಳು ಅಭ್ಯಾಸಬಲದಿಂದ ಹಿಡಿ ತಿರುಗಿಸಿದಳು.

ಆ ಶಬ್ದ ನನಗೆ ಐವತ್ತು ಹೆಜ್ಜೆ ದೂರಕ್ಕೆ ಕೇಳಿಸಿತು. ಔಷಧವಿಲ್ಲದ ಪೆಟ್ಟಿಗೆ, ಬಿಸಿಲಲ್ಲಿ ಬೆಂದ ಗಾಡಿ, ಒಳಗೆ ಗಾಳಿ ಉಬ್ಬಿ ದಾರಿ ಕಾಯುತ್ತಿತ್ತು. ಅಮ್ಮನ ಸೀರೆಗೆ ಹೆಚ್ಚೇನೂ ಆಗಿರಲಿಲ್ಲ, ಗೋಡೆಗೆ ಆಗಿತ್ತು. "ಅಲ್ಲಿ ತೆಗೆಯೋಕೆ ಬರಲ್ಲ, ಇಲ್ಲಿ ತೆಗೆದ್ರೆ ಮೇಲೇ ಬರುತ್ತೆ" ಎಂದು ಅಣ್ಣ ಒರೆಸಲು ಕೂತ. ಸೆಕೆಯ ಊರಲ್ಲಿ ಹಿಡಿ ಮುಟ್ಟುವ ಮೊದಲು ಹೊರಗಿನ ಬಾಗಿಲು ತೆರೆದು ಗಾಳಿಗುಂಡಿ ಒತ್ತಿಬಿಡಬೇಕು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ.

ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಎಂತದ್ರಾ, ಗಾಡಿ ಕೆಟ್ತಾ?" ಎಂದು ಕೇಳಿದಳು. ಅಮ್ಮ ಸತ್ಯ ಹೇಳಿದಳು. ಇಬ್ಬರೂ ತಲೆಗೆ ಕೈ ಹಚ್ಚಿ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಆಕೆಯೇ ಹತ್ತಿರದ ಒಂದು ತೆಂಗಿನ ತೋಟದ ಮನೆ ತೋರಿಸಿದಳು, ರಾತ್ರಿ ಅಲ್ಲೇ ತಂಗಿದೆವು. ಪೆಟ್ಟಿಗೆ ಅವರ ಕಕ್ಕಸಿನ ಗುಂಡಿಗೆ ಖಾಲಿಯಾಯಿತು, ಈ ಸಲ ನೀಲಿಯ ಪ್ರಶ್ನೆ ಬರಲಿಲ್ಲ. ಅಣ್ಣ ಮಾತ್ರ ಹಟಕ್ಕೆ ಬಿದ್ದು ದರಕಿನ ಬಕೆಟನ್ನೇ ಬಳಸಿದ. ಬೆಳಗ್ಗೆ ಅದನ್ನು ಹೂಳಲು ಮನೆಯವರು ತೋಟದ ಮೂಲೆ ತೋರಿಸಿದರು, ಬಾವಿಯಿಂದ ಸಾಕಷ್ಟು ದೂರಕ್ಕೆ. ಮರಳು ನೆಲ, ಬಾವಿಯ ನೀರು ಕೈಗೆಟುಕುವಷ್ಟು ಮೇಲಿರುತ್ತದೆ ಇಲ್ಲಿ. ಬೀಚಿನ ಮರಳಲ್ಲಿ ಹೂಳುವವರನ್ನು ಕಂಡರೆ ತಮಗೆ ಮೈಯೆಲ್ಲ ಉರಿಯುತ್ತದೆ ಎಂದರು ಆ ಮನೆಯ ಯಜಮಾನರು.

ನಾಲ್ಕನೆಯ ದಿನ: ಹಡಗಿನವರು

ಕಾರವಾರಕ್ಕೆ ಗಂಟೆಯ ದಾರಿ. ಕಾಳಿ ಸೇತುವೆಯವರೆಗೆ ಹೋಗಿ ಬಂದೆವು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಹಳೆಯ ಸೇತುವೆಯ ಜಾಗ ಖಾಲಿ, ಪಕ್ಕದ ಹೊಸ ಸೇತುವೆಯ ಮೇಲೆ ವಾಹನ ಸಾಲು. ಅಣ್ಣನಿಗೆ ಒಂದು ಸಣ್ಣ ಖಾನಾವಳಿಯಲ್ಲಿ ಬಂಗುಡೆ, ಅಮ್ಮನಿಗೂ ನನಗೂ ಸೋಲ್‌ಕಡಿ ಅನ್ನ. ಸಂಜೆ ಠಾಗೋರ್ ಬೀಚು. ಕವಿ ರವೀಂದ್ರನಾಥ ಠಾಗೋರರು, ತಮ್ಮ ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಬಂದು ಉಳಿದಿದ್ದ ಊರಿದು. ದಡದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಐಎನ್‌ಎಸ್ ಚಾಪಲ್ ನೌಕೆಯ ಹತ್ತಿರ ಬೆಂಚಿನಲ್ಲಿ ಅಮ್ಮ ಕೂತಳು. ಪಕ್ಕದಲ್ಲಿ ಬಿಳಿಗಡ್ಡದ ಹಿರಿಯರೊಬ್ಬರು. ಮೂವತ್ತು ವರ್ಷ ಸರಕು ಹಡಗಿನಲ್ಲಿ ದುಡಿದು ನಿವೃತ್ತರಾದವರಂತೆ.

ಅಮ್ಮ ಕೇಳಿದ ಮೊದಲ ಪ್ರಶ್ನೆಗೆ ನಾನು ಬೇರೆ ಕಡೆ ಮುಖ ತಿರುಗಿಸಿದೆ. "ಹಡಗಲ್ಲಿ ಚಳಿಗೆ ಕಕ್ಕಸು ಕಟ್ಟಿಕೊಳ್ತಿರಲಿಲ್ವಾ?"

ಅವರಿಗೆ ಏನೂ ಅನಿಸಲಿಲ್ಲ. ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು. ಉತ್ತರದ ಸಮುದ್ರಕ್ಕೆ ಹೋಗುವ ಮೊದಲೇ ಡೆಕ್ಕಿನ ಮೇಲಿನ ಪೈಪುಗಳ ನೀರೆಲ್ಲ ಇಳಿಸಿಬಿಡುತ್ತಿದ್ದರು, ಮರೆತವನಿಗೆ ಬೈಗುಳ. ಒಳಗಿನದು ಇಂಜಿನ್ನಿನ ಬಿಸಿಗೆ ಬಚಾವು. "ಉಪ್ಪುನೀರು ಸೊನ್ನೆಗೆ ಕಟ್ಟೂದಿಲ್ಲ ನೋಡಿ ಅಮ್ಮಾ. ಮೈನಸ್ ಎರಡರ ಹತ್ರ ಬರ್ಬೇಕು. ಆದ್ರೆ ಡೆಕ್ ಮೇಲೆ ಹಾರಿದ ತೆರೆ ಹಾಗೇ ಬರ್ಫಾಗಿ ಕೂತ್ಕೊಳ್ತದೆ. ಬಡಿದು ಬಡಿದು ತೆಗೀಬೇಕು, ಇಲ್ಲಾಂದ್ರೆ ಹಡಗಿಗೇ ಭಾರ."

ಅಣ್ಣ ಬಂದು ಸೇರಿಕೊಂಡ. ಕವಾಟ, ಪಂಪು, ಗ್ಯಾಸು ಎಂದು ಇಬ್ಬರೂ ಹೊತ್ತು ಮುಳುಗುವವರೆಗೆ ಮಾತಾಡಿದರು. ಅಣ್ಣ ಹೇಳಿದ ಒಂದು ಸಂಗತಿ ಅವರಿಗೂ ಹೊಸದಾಗಿತ್ತು: ಬ್ಯೂಟೇನ್ ಸಿಲಿಂಡರ್ ಹೊತ್ತು ಹಿಮಕ್ಕೆ ಹೋದರೆ ಹೀಟರ್ ಹತ್ತುವುದೇ ಇಲ್ಲ, ಸೊನ್ನೆಯ ಕೆಳಗೆ ಬ್ಯೂಟೇನ್ ಆವಿಯಾಗದೆ ದ್ರವವಾಗೇ ಕೂತಿರುತ್ತದೆ. ಪ್ರೊಪೇನ್ ಆದರೆ ಮೈನಸ್ 42ರವರೆಗೂ ಏಳುತ್ತದೆ. ಎದುರಿಗೆ ಸೂರ್ಯ ಇಳಿಯುತ್ತಿದ್ದ. ಮೂವರೂ ನೋಡಲಿಲ್ಲ. ನಾನೊಬ್ಬಳು ನೋಡಿದೆ.

ಐದನೆಯ ದಿನ

ಮರಳುವಾಗ ಅದೇ ಅರಬೈಲ್, ಹುಬ್ಬಳ್ಳಿ, ಹೆದ್ದಾರಿ. ರಾತ್ರಿ ಹನ್ನೊಂದಕ್ಕೆ ಬೆಂಗಳೂರು. ಪೆಟ್ಟಿಗೆಯನ್ನು ನಮ್ಮ ಮನೆಯ ಬಚ್ಚಲಲ್ಲಿ ತೊಳೆದು ಒಣಗಿಸಿ ಕೊಟ್ಟೆವು. ಮಾಲೀಕರು ಮೂಸಿ ನೋಡಿ, ನೀಲಿ ಬಾಟಲಿ ಹಾಗೇ ಉಳಿದಿದೆಯಲ್ಲ, ಬಳಸಲೇ ಇಲ್ಲವಾ ಎಂದು ಆಶ್ಚರ್ಯಪಟ್ಟರು. ಡ್ರೈವರ್ ಹುಡುಗ ಅವರನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಏನೋ ಹೇಳುತ್ತಿದ್ದ. ಬೇಡ್ತಿ ಎಂಬ ಪದ ಕಿವಿಗೆ ಬಿತ್ತು.

ಉಳಿದ ಅರ್ಧ ಗೋಣಿ ದರಕು ಅಮ್ಮನ ದಾಸವಾಳದ ಕುಂಡಗಳಿಗೆ ಹೋಯಿತು.

ಅಣ್ಣ ಹೋಗಿ ಎರಡು ವಾರವಾಯಿತು. ಮೊನ್ನೆ ವಿಡಿಯೋ ಕಾಲ್ ಮಾಡಿದ. ಕಿಟಕಿಯಾಚೆ ಬೆಳ್ಳಗೆ, ಮನೆ ಮುಂದೆ ಕ್ಯಾಂಪರು ಅರ್ಧ ಹಿಮದಲ್ಲಿ ಹೂತಿತ್ತು. ಮೈನಸ್ 24 ಅಂದ. ವಾರಾಂತ್ಯಕ್ಕೆ ಹೊರಡುತ್ತಾನಂತೆ. ಅಮ್ಮ ಊಟವಾಯಿತಾ ಎಂದು ಕೇಳುವುದನ್ನು ಮರೆತು ಫೋನಿಗೆ ಮುಖ ತಂದಳು.

"ಪೈಪಿನ ನೀರೆಲ್ಲ ಬಿಟ್ಟ್ಯೇನೋ? ಹರಳೆಣ್ಣೆ ಹಾಕಿದ್ಯಾ?"